ಟ್ರ್ಯಾಕ್ಟರಿನ ಬ್ಯಾಟರಿ ಕೇಬಲ್ಲು: ಕಡಿಮೆ ಖರ್ಚಿನಲ್ಲಿ ಬದಲಿಸುವ ಬಗೆ



ಮುಂಗಾರು ಮಳೆ ಹದವಾಗಿ ಬಿದ್ದಿದೆ. ನೆಲ ಆರುವುದರೊಳಗೆ ಉಳುಮೆ ಮುಗಿಸಿ ಬೀಜ ಬಿತ್ತಬೇಕೆಂದು ನಸುಕಿನಲ್ಲಿಯೇ ಎದ್ದು ಟ್ರ್ಯಾಕ್ಟರು ಹತ್ತುತ್ತೀರಿ. ಕೀಲಿ ತಿರುಗಿಸುತ್ತೀರಿ. ಒಳಗಿನಿಂದ "ಟಕ್" ಎಂಬ ಶಬ್ದವೊಂದು ಬರುವುದೇ ಹೊರತು ಎಂಜಿನ್ನು ಕದಲುವುದಿಲ್ಲ. ಮತ್ತೆ ತಿರುಗಿಸಿದರೆ ಮತ್ತೆ ಟಕ್. ಸುತ್ತ ಸೇರಿದವರೆಲ್ಲರೂ "ಬ್ಯಾಟರಿ ಹೋಯಿತು, ಹೊಸದು ತಂದು ಹಾಕಿ" ಎನ್ನುತ್ತಾರೆ. ನೀವು ಪೇಟೆಗೆ ಹೋಗಿ ಹಲವು ಸಾವಿರ ರೂಪಾಯಿ ಸುರಿದು ಬ್ಯಾಟರಿ ತರುತ್ತೀರಿ. ಕೆಲವು ದಿನ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಮತ್ತೆ ಅದೇ ಟಕ್!

ಹೀಗಾಗಲು ಕಾರಣವೇನು? ಅನೇಕ ಸಲ ದೋಷವಿರುವುದು ಬ್ಯಾಟರಿಯಲ್ಲಿ ಅಲ್ಲ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ಕೇಬಲ್ಲಿನಲ್ಲಿ, ಅಥವಾ ಅದರ ತುದಿಯಲ್ಲಿ. ಹೊಸ ಬ್ಯಾಟರಿ ಕೂರಿಸುವಾಗ ತುದಿಗಳನ್ನು ಬಿಚ್ಚಿ ಕಟ್ಟಿದುದರಿಂದ ಅವು ತುಸು ಉಜ್ಜಿಕೊಂಡು ಕೆಲವು ದಿನ ಕೆಲಸ ಮಾಡಿದವು, ಅಷ್ಟೇ. ರೋಗ ಒಂದು ಕಡೆ, ಮದ್ದು ಒಂದು ಕಡೆ ಆಯಿತು. ಬ್ಯಾಟರಿಯ ಬೆಲೆಯ ಒಂದು ಸಣ್ಣ ಪಾಲಿನಲ್ಲಿ, ಕೆಲವೊಮ್ಮೆ ಒಂದು ಹಿಡಿ ಅಡುಗೆ ಸೋಡದಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಟ್ಟಲೆ ಹಣವೂ ಬಿತ್ತನೆಯ ಹದವೂ ಹೋದವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಯಿತು.

ಈ ಕೇಬಲ್ಲನ್ನು ಪರೀಕ್ಷಿಸುವುದು, ದುರಸ್ತಿ ಮಾಡುವುದು, ಅಗತ್ಯವಿದ್ದರೆ ಬದಲಿಸುವುದು ಹೇಗೆಂಬುದನ್ನು ಇಲ್ಲಿ ತಿಳಿಸಿದೆ. ಜೀಪು, ಲಾರಿ, ಕಾರುಗಳಿಗೂ ಇದೇ ತತ್ವ ಅನ್ವಯಿಸುತ್ತದೆ.

ಇಷ್ಟು ದಪ್ಪ ಕೇಬಲ್ಲು ಏಕೆ?

ನಿಮ್ಮ ಬಾವಿಯ 5 ಅಶ್ವಶಕ್ತಿಯ ಮೂರು ಫೇಸಿನ ಪಂಪ್‌ಸೆಟ್ಟನ್ನು ನೆನೆಯಿರಿ. ಅದು ಒಂದೊಂದು ಫೇಸಿನಲ್ಲಿಯೂ ಎಳೆದುಕೊಳ್ಳುವುದು ಸುಮಾರು 7ರಿಂದ 8 ಆಂಪಿಯರ್ ವಿದ್ಯುತ್ತು ಮಾತ್ರ. ಆದರೆ ಟ್ರ್ಯಾಕ್ಟರಿನ ಸ್ಟಾರ್ಟರು ಎಂಜಿನ್ನನ್ನು ತಿರುಗಿಸುವಾಗ 200ರಿಂದ 300 ಆಂಪಿಯರ್ ಎಳೆಯುತ್ತದೆ. ಮೊದಲ ಕ್ಷಣದಲ್ಲಿ ಇನ್ನೂ ಹೆಚ್ಚು. ಎಂದರೆ ಪಂಪಿನ ತಂತಿಯಲ್ಲಿ ಹರಿಯುವುದರ ಮೂವತ್ತು ಪಟ್ಟು!

ಪಂಪ್‌ಸೆಟ್ಟಿಗೆ 400 ವೋಲ್ಟಿಗೂ ಮೇಲ್ಪಟ್ಟ ಒತ್ತಡವಿದೆ. ಟ್ರ್ಯಾಕ್ಟರಿನ ಬ್ಯಾಟರಿಗೆ ಇರುವುದು ಬರೇ 12 ವೋಲ್ಟು. ಇದನ್ನು ನೀರಿನ ತೊಟ್ಟಿಗೆ ಹೋಲಿಸಬಹುದು. ಎತ್ತರದ ತೊಟ್ಟಿಯಿಂದ ಸಣ್ಣ ಕೊಳವೆಯಲ್ಲಿಯೂ ನೀರು ರಭಸವಾಗಿ ಬರುತ್ತದೆ. ಮೊಳದೆತ್ತರದ ತೊಟ್ಟಿಯಿಂದ ಅಷ್ಟೇ ನೀರು ಬರಬೇಕಾದರೆ ಕೊಳವೆ ದಪ್ಪವಾಗಿರಬೇಕು. ದಾರಿಯಲ್ಲಿ ಎಲ್ಲಿಯೂ ಕಸ ಕಟ್ಟಿರಬಾರದು. ಬ್ಯಾಟರಿ ಮೊಳದೆತ್ತರದ ತೊಟ್ಟಿ. ಕೇಬಲ್ಲು ದಪ್ಪ ಕೊಳವೆ. ತುದಿಗಳಲ್ಲಿ ಕಟ್ಟುವ ಕಿಲುಬೇ ಕಸ.

ಲೆಕ್ಕ ನೋಡೋಣ. 35 ಚದರ ಮಿಲಿಮೀಟರು ತಾಮ್ರದ ಕೇಬಲ್ಲು ಹೋಗಿಬರುವ ದಾರಿ ಸೇರಿ 2 ಮೀಟರು ಇದೆಯೆನ್ನಿ. ಅದರಲ್ಲಿ 250 ಆಂಪಿಯರ್ ಹರಿದರೆ ನಷ್ಟವಾಗುವುದು ಸುಮಾರು ಕಾಲು ವೋಲ್ಟು. ಇದು ದೊಡ್ಡದಲ್ಲ. ಅದೇ ಜಾಗದಲ್ಲಿ 16 ಚದರ ಮಿಲಿಮೀಟರಿನ ತೆಳು ಕೇಬಲ್ಲು ಹಾಕಿದರೆ ನಷ್ಟ ಅರ್ಧ ವೋಲ್ಟಿಗೂ ಮೀರುತ್ತದೆ. ಇನ್ನು ಕಿಲುಬು ಹಿಡಿದ ಒಂದೇ ಒಂದು ತುದಿ ಓಮಿನ ನೂರರಲ್ಲಿ ಒಂದು ಪಾಲಿನಷ್ಟು ರೋಧ ಒಡ್ಡಿದರೆ, ಅಷ್ಟೇ ಪ್ರವಾಹಕ್ಕೆ ಎರಡೂವರೆ ವೋಲ್ಟು ಅಲ್ಲಿಯೇ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಎರಡೂವರೆ ಹೋದರೆ ಸ್ಟಾರ್ಟರಿಗೆ ಏನು ಉಳಿಯಿತು? ಕಳೆದುಹೋದ ಶಕ್ತಿ ಆ ತುದಿಯಲ್ಲಿ ಶಾಖವಾಗುತ್ತದೆ. ಆ ಶಾಖ ಸುಮಾರು 600 ವ್ಯಾಟು, ಎಂದರೆ ಒಂದು ಇಸ್ತ್ರಿ ಪೆಟ್ಟಿಗೆಗೆ ಹತ್ತಿರ ಹತ್ತಿರ. ತುದಿ ಮುಟ್ಟಿದರೆ ಕೈ ಸುಡುವುದು ಇದರಿಂದಲೇ.

ಕೇಬಲ್ಲು ಕೆಡುವುದು ಹೇಗೆ?

ಬ್ಯಾಟರಿಯಲ್ಲಿರುವುದು ನೀರು ಬೆರೆತ ಗಂಧಕಾಮ್ಲ. ಚಾರ್ಜು ಆಗುವಾಗ ಅದರ ಸಣ್ಣ ಹನಿಗಳು ಆವಿಯೊಂದಿಗೆ ಮೇಲಕ್ಕೆ ಬಂದು ತುದಿಗಳ ಮೇಲೆ ಕೂರುತ್ತವೆ. ಸೀಸದ ಮೇಲೆ ಬಿಳಿ ಪುಡಿಯೂ ತಾಮ್ರದ ಮೇಲೆ ನೀಲಿ ಹಸಿರು ಕಿಲುಬೂ ಕಟ್ಟುವುದು ಇದರಿಂದ. ಈ ಆಮ್ಲವು ಎಳೆಗಳ ಸಂದಿಯಲ್ಲಿ ನುಸುಳಿ ಹೊದಿಕೆಯ ಒಳಗೂ ಇಳಿಯುತ್ತದೆ. ಹೊರಗೆ ಕೇಬಲ್ಲು ಚೆನ್ನಾಗಿಯೇ ಕಾಣುತ್ತದೆ. ಒಳಗೆ ಗೆದ್ದಲು ತಿಂದ ತೊಲೆಯಂತಾಗಿರುತ್ತದೆ.

ಎರಡನೆಯದು ಅಲುಗಾಟ. ಹೊಲದ ಹೆಂಟೆಯ ಮೇಲೆ ಓಡುವ ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯನ್ನು ಬಿಗಿಯಾಗಿ ಕಟ್ಟದೆ ಬಿಟ್ಟರೆ ಅದು ಕುಣಿಯುತ್ತದೆ. ಕೇಬಲ್ಲಿನ ಎಳೆಗಳು ತುದಿಯ ಬಳಿ ಒಂದೊಂದಾಗಿ ತುಂಡಾಗುತ್ತವೆ. ಮೂರನೆಯದು ಉಜ್ಜಾಟ. ಕಬ್ಬಿಣದ ಅಂಚಿಗೆ ತಾಗಿಕೊಂಡು ಹೊದಿಕೆ ಸವೆಯುತ್ತದೆ. ಇದು ಬಹಳ ಅಪಾಯದ್ದು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸು ಇರುವುದಿಲ್ಲ. ಸವೆದ ಜಾಗ ಚಾಸಿಗೆ ತಾಗಿದರೆ ತಡೆಯುವವರಿಲ್ಲದೆ ಕಿಡಿ ಹಾರಿ ಕೇಬಲ್ಲು ಕೆಂಪಗೆ ಕಾಯುತ್ತದೆ. ಕಣದಲ್ಲಿ ಒಕ್ಕಣೆ ನಡೆಯುವಾಗ, ಸುತ್ತ ಒಣಹುಲ್ಲು ಹರಡಿರುವಾಗ ಹೀಗಾದರೆ ಟ್ರ್ಯಾಕ್ಟರಿನೊಂದಿಗೆ ವರ್ಷದ ಬೆಳೆಯೂ ಹೋದೀತು.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಹಣ ಬಿಚ್ಚುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ಪರೀಕ್ಷೆಗೆ ಮುನ್ನ ಗೇರನ್ನು ನ್ಯೂಟ್ರಲ್ಲಿಗೆ ತನ್ನಿ, ಕೈಬ್ರೇಕು ಹಾಕಿ, ಪಿ.ಟಿ.ಓ. ಬಿಡಿಸಿ, ಚಕ್ರಕ್ಕೆ ಕಲ್ಲು ಕೊಡಿ. ಸ್ಟಾಪ್ ಗುಂಡಿ ಇರುವ ಟ್ರ್ಯಾಕ್ಟರಾದರೆ ಅದನ್ನು ಪೂರ್ತಿ ಎಳೆದಿಡಿ. ಆಗ ಡೀಸೆಲ್ಲು ಹೋಗದು. ಎಂಜಿನ್ನು ತಿರುಗುವುದೇ ಹೊರತು ಚಾಲೂ ಆಗದು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಲಿ, ಇನ್ನೊಬ್ಬರು ನೋಡಲಿ. ನೋಡುವವರು ಚಕ್ರದ ಮುಂದೆಯಾಗಲಿ ಹಿಂದೆಯಾಗಲಿ ನಿಲ್ಲಕೂಡದು.

ಮೀಟರಿಲ್ಲದೆ ಮಾಡುವ ಪರೀಕ್ಷೆ: ಮೊದಲು ತುದಿಗಳನ್ನು ಕೈಯಿಂದ ಅಲುಗಿಸಿ ನೋಡಿ. ಬ್ಯಾಟರಿಯ ಕಂಬದ ಮೇಲೆ ಕ್ಲಾಂಪು ತಿರುಗಿದರೆ ಬಿಗಿ ಸಾಲದು. ಅನಂತರ ಕೇಬಲ್ಲನ್ನು ತುದಿಯ ಬಳಿ ಮೆಲ್ಲಗೆ ಬಗ್ಗಿಸಿ. ಹೊದಿಕೆ ಉಬ್ಬಿದ್ದರೆ, ಗಡುಸಾಗಿದ್ದರೆ, ಒಳಗೆ ಕರಕರ ಎಂದರೆ ಅದು ಕೆಟ್ಟಿದೆ. ಆಮೇಲೆ ಐದಾರು ಸೆಕೆಂಡು ಸ್ಟಾರ್ಟರು ತಿರುಗಿಸಿ ನಿಲ್ಲಿಸಿ. ಕೀಲಿ ಆರಿಸಿದ ಮೇಲೆ ಪ್ರತಿಯೊಂದು ತುದಿಯನ್ನೂ ಬೆರಳಿನಿಂದ ಮೆಲ್ಲನೆ ಮುಟ್ಟಿ. ಯಾವುದು ಬಿಸಿಯಾಗಿದೆಯೋ ಅಲ್ಲಿಯೇ ದೋಷ. ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟಾರ್ಟರನ್ನು ತಿರುಗಿಸಬೇಡಿ. ನಡುನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಮೀಟರಿನಿಂದ ಮಾಡುವ ಪರೀಕ್ಷೆ: ಸಾಧಾರಣವಾದ ಒಂದು ಮಲ್ಟಿಮೀಟರು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪಂಪ್‌ಸೆಟ್ಟಿನ ಕೆಲಸಕ್ಕೂ ಆಗುವುದರಿಂದ ನಾಲ್ಕು ಮನೆಯವರು ಸೇರಿ ಒಂದು ಕೊಂಡಿಟ್ಟುಕೊಳ್ಳಬಹುದು. ಅದನ್ನು ಡಿ.ಸಿ. 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ.

ಒಂದನೆಯದಾಗಿ, ರಾತ್ರಿಯೆಲ್ಲ ಸುಮ್ಮನಿದ್ದ ಬ್ಯಾಟರಿಯ ಎರಡು ಕಂಬಗಳಿಗೂ ಕಡ್ಡಿ ಹಿಡಿಯಿರಿ. 12.6 ವೋಲ್ಟಿನ ಸುಮಾರಿಗೆ ಇದ್ದರೆ ಪೂರ್ಣ ಚಾರ್ಜು ಇದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜು ಮಾಡಿಸಿ. ಉಳಿದ ಪರೀಕ್ಷೆ ಆಮೇಲೆ.

ಎರಡನೆಯದಾಗಿ, ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆಯೂ ಇನ್ನೊಂದನ್ನು ಆ ಕೇಬಲ್ಲು ಸ್ಟಾರ್ಟರಿನಲ್ಲಿ ಸೇರುವ ಬೋಲ್ಟಿನ ಮೇಲೆಯೂ ಇಡಿ. ಕ್ಲಾಂಪಿನ ಮೇಲೆ ಇಡಬೇಡಿ. ಸೀಸದ ಕಂಬದ ಮೇಲೆಯೇ ಇಡಬೇಕು. ಕೀಲಿ ತಿರುಗಿಸದಿದ್ದಾಗ ಮೀಟರು ಸೊನ್ನೆ ತೋರಿಸುತ್ತದೆ. ಸ್ಟಾರ್ಟರು ತಿರುಗುವಾಗ ಅದು ತೋರಿಸುವುದೇ ಆ ದಾರಿಯಲ್ಲಿ ನಷ್ಟವಾಗುವ ವೋಲ್ಟು. 0.2 ಅಥವಾ 0.3 ಇದ್ದರೆ ಚಿಂತೆಯಿಲ್ಲ. 0.5 ಮೀರಿದರೆ ಆ ದಾರಿಯಲ್ಲಿ ದೋಷವಿದೆ.

ಮೂರನೆಯದಾಗಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಸ್ಟಾರ್ಟರಿನ ಮೈಗೂ ಹೀಗೆಯೇ ಹಿಡಿದು ನೋಡಿ. ಬಹಳ ಮಂದಿ ಈ ಕಡೆಯನ್ನು ಮರೆಯುತ್ತಾರೆ. ಹೋದ ವಿದ್ಯುತ್ತು ಹಿಂದಿರುಗಿ ಬರುವುದು ಚಾಸಿಯ ಮೂಲಕ. ಅರ್ಥಿಂಗ್ ಪಟ್ಟಿಯ ಬೋಲ್ಟಿನ ಅಡಿಯಲ್ಲಿ ಬಣ್ಣ, ತುಕ್ಕು, ಮಣ್ಣು ಕೂತಿದ್ದರೆ ಹೋಗುವ ದಾರಿ ಎಷ್ಟು ಚೆನ್ನಾಗಿದ್ದರೂ ಬರುವ ದಾರಿ ಮುಚ್ಚಿರುತ್ತದೆ.

ದೋಷವಿರುವ ದಾರಿ ತಿಳಿದ ಮೇಲೆ ಕಡ್ಡಿಗಳನ್ನು ಹತ್ತಿರಕ್ಕೆ ತರುತ್ತ ಹೋಗಿ. ಕಂಬಕ್ಕೂ ಕ್ಲಾಂಪಿಗೂ ನಡುವೆ, ಕ್ಲಾಂಪಿಗೂ ಕೇಬಲ್ಲಿಗೂ ನಡುವೆ, ಹೀಗೆ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಎರಡು ದಾರಿಗಳೂ ಸರಿಯಿದ್ದು, ಸ್ಟಾರ್ಟರು ತಿರುಗುವಾಗ ಬ್ಯಾಟರಿಯ ಕಂಬಗಳ ನಡುವಿನ ವೋಲ್ಟು ಒಂಬತ್ತಕ್ಕಿಂತ ಕೆಳಗೆ ಕುಸಿದರೆ, ಆಗ ಬ್ಯಾಟರಿಯನ್ನೋ ಸ್ಟಾರ್ಟರನ್ನೋ ಮೆಕ್ಯಾನಿಕ್ಕಿಗೆ ತೋರಿಸುವುದು ನ್ಯಾಯ.

ಖರ್ಚಿನ ಮೆಟ್ಟಿಲುಗಳು

ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ. ಕೆಲಸ ಮುಗಿದ ಕಡೆ ನಿಲ್ಲಿಸಿ.

ಮೊದಲ ಮೆಟ್ಟಿಲು, ಶುದ್ಧಿ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡ ಕದಡಿ, ಬಿಚ್ಚಿದ ತುದಿಗಳ ಮೇಲೆ ಹಳೆಯ ಬ್ರಷ್ಷಿನಿಂದ ಹಚ್ಚಿ. ನೊರೆ ಬರುವುದು ನಿಂತ ಮೇಲೆ ಶುದ್ಧ ನೀರಿನಿಂದ ತೊಳೆದು ಒರೆಸಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ. ಸೋಡ ನೀರು ಒಳಗೆ ಇಳಿದರೆ ಆಮ್ಲ ಕೆಡುತ್ತದೆ. ಬಳಿಕ ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಉಪ್ಪುಕಾಗದದಿಂದ ಸೀಸ ಹೊಳೆಯುವವರೆಗೆ ಉಜ್ಜಿ. ಚಾಸಿಯ ಬೋಲ್ಟಿನ ಅಡಿಯ ಬಣ್ಣವನ್ನು ಹೆರೆದು ಕಬ್ಬಿಣ ಕಾಣುವಂತೆ ಮಾಡಿ. ಎಷ್ಟೋ ಟ್ರ್ಯಾಕ್ಟರುಗಳು ಇಷ್ಟರಲ್ಲಿಯೇ ಚಾಲೂ ಆಗುತ್ತವೆ.

ಎರಡನೆಯ ಮೆಟ್ಟಿಲು, ತುದಿಯ ಬದಲಾವಣೆ. ಕ್ಲಾಂಪು ಮಾತ್ರ ಸೀಳಿದ್ದರೆ ಅದೊಂದನ್ನೇ ಬದಲಿಸಿ. ಎಳೆಗಳು ತುದಿಯಲ್ಲಿ ಮಾತ್ರ ಕೆಟ್ಟಿದ್ದರೆ ಎರಡು ಮೂರು ಅಂಗುಲ ಕತ್ತರಿಸಿ ನೋಡಿ. ಒಳಗೆ ತಾಮ್ರ ಕೆಂಪಗೆ ಹೊಳೆಯುತ್ತಿದ್ದು, ಉಳಿದ ಕೇಬಲ್ಲು ಎಳೆಯದೆ ಮುಟ್ಟುವಷ್ಟು ಉದ್ದವಿದ್ದರೆ ಹೊಸ ಲಗ್ಗು ಹಾಕಿಸಿದರೆ ಸಾಕು. ಕತ್ತರಿಸಿದ ಕಡೆಯೂ ಎಳೆಗಳು ಕಪ್ಪಾಗಿಯೋ ಹಸಿರಾಗಿಯೋ ಇದ್ದರೆ ಆ ಕೇಬಲ್ಲಿನ ಆಸೆ ಬಿಡಿ. ಗುಜರಿಯವರು ತಾಮ್ರವನ್ನು ತೂಕಕ್ಕೆ ಕೊಳ್ಳುತ್ತಾರೆ. ಅಷ್ಟಾದರೂ ಕೈಗೆ ಬರುತ್ತದೆ.

ಮೂರನೆಯ ಮೆಟ್ಟಿಲು, ಕೆಟ್ಟಿರುವ ಒಂದೇ ಕೇಬಲ್ಲಿನ ಬದಲಾವಣೆ. ಒಂದು ಕೆಟ್ಟಿತೆಂದು ಎರಡನ್ನೂ ಕೊಳ್ಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಗೆದ್ದ ಕೇಬಲ್ಲು ಇನ್ನೂ ಕೆಲವು ವರ್ಷ ದುಡಿಯಬಹುದು.

ಯಾವ ಕೇಬಲ್ಲು ಕೊಳ್ಳಬೇಕು?

ಒಂದು ನಿಯಮವನ್ನು ಮರೆಯಬೇಡಿ: ಹಳೆಯ ಮೂಲ ಕೇಬಲ್ಲಿಗಿಂತ ತೆಳುವಾದುದು ಬೇಡ. ಹಿಂದೆ ಯಾರೋ ತೆಳು ಕೇಬಲ್ಲು ಹಾಕಿರುವ ಅನುಮಾನವಿದ್ದರೆ, ನಮ್ಮಲ್ಲಿ ಹೆಚ್ಚಾಗಿರುವ 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ ಕೇಬಲ್ಲು ಗಿಡ್ಡವಾಗಿದ್ದರೆ 35 ಚದರ ಮಿಲಿಮೀಟರು, ಉದ್ದವಾಗಿದ್ದರೆ 50 ಚದರ ಮಿಲಿಮೀಟರು ತಾಮ್ರವನ್ನು ಆರಿಸಿಕೊಳ್ಳಿ. ದಪ್ಪ ಹೊದಿಕೆ ನೋಡಿ ಮೋಸ ಹೋಗಬೇಡಿ. ಒಳಗಿನ ತಾಮ್ರದ ದಪ್ಪವೇ ಮುಖ್ಯ. 35 ಚದರ ಮಿಲಿಮೀಟರಿನ ಕೇಬಲ್ಲಿನಲ್ಲಿ ಎಳೆಗಳ ಕಟ್ಟು ಸುಮಾರು 8 ಮಿಲಿಮೀಟರು ಅಡ್ಡಳತೆ ಇರುತ್ತದೆ.

ಎಳೆಗಳು ಕೂದಲಿನಂತೆ ಸಣ್ಣವಾಗಿ ಬಹಳ ಇರಬೇಕು. ಅಂತಹ ಕೇಬಲ್ಲು ಹಗ್ಗದಂತೆ ಬಾಗುತ್ತದೆ, ಅಲುಗಾಟಕ್ಕೆ ತುಂಡಾಗುವುದಿಲ್ಲ. ಮನೆಯ ವೈರಿಂಗಿನ ಗಡುಸು ತಂತಿ ಈ ಕೆಲಸಕ್ಕೆ ಆಗದು. ಬಾವಿಯ ಮೋಟಾರಿನ ಚಪ್ಪಟೆ ಕೇಬಲ್ಲು ಮನೆಯಲ್ಲಿ ಬಿದ್ದಿದೆಯೆಂದು ಮೂರು ಎಳೆಯನ್ನೂ ಸೇರಿಸಿ ಕಟ್ಟುವವರುಂಟು. 4 ಚದರ ಮಿಲಿಮೀಟರಿನ ಮೂರು ಎಳೆ ಸೇರಿದರೂ ಆಗುವುದು 12 ಮಾತ್ರ. ಬೇಕಾದುದರ ಮೂರನೆಯ ಒಂದು ಪಾಲು! ಬೆಂಕಿಗೆ ಅದು ಆಹ್ವಾನ.

ಉಳಿತಾಯಕ್ಕೆ ಒಳ್ಳೆಯ ದಾರಿಯೊಂದಿದೆ. ವೆಲ್ಡಿಂಗ್ ಕೆಲಸದವರು ಬಳಸುವ ತಾಮ್ರದ ವೆಲ್ಡಿಂಗ್ ಕೇಬಲ್ಲು ಸಣ್ಣ ಎಳೆಗಳದು, ಮೆತುವಾದುದು, ಹೆಚ್ಚು ಪ್ರವಾಹ ತಾಳುವಂತಹುದು. ಅದನ್ನು ಮೀಟರಿನ ಲೆಕ್ಕದಲ್ಲಿ ಬೇಕಾದಷ್ಟೇ ಕೊಳ್ಳಬಹುದು. ಅದರ ರಬ್ಬರು ಹೊದಿಕೆ ಡೀಸೆಲ್ಲು, ಎಣ್ಣೆಗಳಿಗೆ ಮೆತ್ತಗಾಗುವುದುಂಟು. ಆದುದರಿಂದ ಅದರ ಮೇಲೆ ಪ್ಲಾಸ್ಟಿಕ್ ಕೊಳವೆಯೊಂದನ್ನು ತೊಡಿಸಿದರೆ ಬಾಳಿಕೆ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕೇಬಲ್ಲಿನ ಬೆಲೆಯನ್ನೂ ವಿಚಾರಿಸಿ. ಲಗ್ಗು, ಕೂಲಿ ಎಲ್ಲ ಸೇರಿಸಿ ಹೋಲಿಸಿದಾಗ ಯಾವುದು ಅಗ್ಗವೋ ಅದನ್ನೇ ತನ್ನಿ.

ಮೋಸದ ಮಾಲಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಅಲ್ಯೂಮಿನಿಯಮ್ ಎಳೆಗಳಿಗೆ ತಾಮ್ರದ ನೀರು ಕುಡಿಸಿದ ಕೇಬಲ್ಲುಗಳು ಪೇಟೆಯಲ್ಲಿವೆ. ವೆಲ್ಡಿಂಗ್ ಕೇಬಲ್ಲಿನಲ್ಲಿಯೂ ಅಲ್ಯೂಮಿನಿಯಮ್ಮಿನದು ಉಂಟು. ಅಲ್ಯೂಮಿನಿಯಮ್ ವಿದ್ಯುತ್ತನ್ನು ಒಯ್ಯುವ ಶಕ್ತಿ ಅಷ್ಟೇ ದಪ್ಪದ ತಾಮ್ರದ ಶೇಕಡಾ 60ರಷ್ಟು ಮಾತ್ರ. ಬಿಗಿದ ತುದಿಯೂ ಬೇಗ ಸಡಿಲವಾಗುತ್ತದೆ. ಗುರುತಿಸುವುದು ಕಷ್ಟವಲ್ಲ. ಒಂದು ಎಳೆಯನ್ನು ಚಾಕುವಿನಿಂದ ಹೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರವಲ್ಲ. ತೂಕವನ್ನೂ ನೋಡಿ. 35 ಚದರ ಮಿಲಿಮೀಟರು ತಾಮ್ರ ಒಂದು ಮೀಟರಿಗೆ 300 ಗ್ರಾಮಿನಷ್ಟು ತೂಗುತ್ತದೆ. ಅಷ್ಟೇ ಅಲ್ಯೂಮಿನಿಯಮ್ 100 ಗ್ರಾಮು ಸಹ ತೂಗದು. ಹೊದಿಕೆ ಸೇರಿಯೂ ಮೀಟರಿಗೆ 300 ಗ್ರಾಮು ಬಾರದ ಕೇಬಲ್ಲನ್ನು 35ರದೆಂದು ಹೇಳಿದರೆ ನಂಬಬೇಡಿ. ದಿನಸಿ ಅಂಗಡಿಯ ತಕ್ಕಡಿಯೇ ಇದಕ್ಕೆ ಸಾಕು.

ಉದ್ದ ಅಳೆಯಲು ಒಂದು ದಾರವನ್ನು ಕೇಬಲ್ಲು ಹೋಗುವ ದಾರಿಯಲ್ಲಿಯೇ ಹಾಯಿಸಿ ಗುರುತು ಮಾಡಿಕೊಳ್ಳಿ. ಅದಕ್ಕೆ ನಾಲ್ಕು ಬೆರಳು ಕೂಡಿಸಿ. ಎಂಜಿನ್ನು ಅದುರುವುದರಿಂದ ಅಷ್ಟು ಸಡಿಲವಿರಬೇಕು. ಅದಕ್ಕಿಂತ ಉದ್ದ ಮಾಡಿದರೆ ಹಣವೂ ದಂಡ, ವೋಲ್ಟೂ ದಂಡ.

ಲಗ್ಗು ಕೂರಿಸುವ ಕ್ರಮ

ಲಗ್ಗು ತವರ ಲೇಪಿಸಿದ ತಾಮ್ರದ್ದಾಗಿರಲಿ. ಅದರ ಕೊಳವೆ ನಿಮ್ಮ ಕೇಬಲ್ಲಿನ ಅಳತೆಯದೇ ಆಗಿರಬೇಕು. ತೂತು ಸ್ಟಾರ್ಟರಿನ ಬೋಲ್ಟಿಗೆ ಸರಿಯಾಗಿರಬೇಕು. ಆದುದರಿಂದ ಪೇಟೆಗೆ ಹೋಗುವಾಗ ಹಳೆಯ ಲಗ್ಗನ್ನೇ ಒಯ್ಯಿರಿ. ಲಗ್ಗಿನ ಕೊಳವೆಯ ಆಳಕ್ಕೆ ಸಮನಾಗಿ ಮಾತ್ರ ಹೊದಿಕೆ ಸುಲಿಯಿರಿ. ಎಳೆಗಳಿಗೆ ಗಾಯವಾಗಬಾರದು. ಲಗ್ಗು ಸಣ್ಣದಾಯಿತೆಂದು ಎಳೆಗಳನ್ನು ಕತ್ತರಿಸಿ ತೂರಿಸುವ ಬುದ್ಧಿ ಬೇಡ. ಅದು ಕೊಳವೆಯ ಬಾಯಿಯನ್ನು ತಾನೇ ಮುಚ್ಚಿದಂತೆ.

ಲಗ್ಗನ್ನು ಒತ್ತುವುದಕ್ಕೆ ಕ್ರಿಂಪಿಂಗ್ ಯಂತ್ರ ಬೇಕು. ಒಂದು ಕೇಬಲ್ಲಿಗಾಗಿ ಅದನ್ನು ಕೊಳ್ಳುವುದು ಹುಚ್ಚುತನ. ವಾಹನಗಳ ವಿದ್ಯುತ್ ಕೆಲಸ ಮಾಡುವ ಅಂಗಡಿಯಲ್ಲಿ ಅಥವಾ ಮೋಟಾರು ರಿವೈಂಡಿಂಗ್ ಮಾಡುವವರಲ್ಲಿ ಈ ಯಂತ್ರವಿದ್ದರೆ ಅಲ್ಪ ಕೂಲಿಗೆ ಒತ್ತಿಸಿಕೊಳ್ಳಬಹುದು. ಉಳಿಯಿಟ್ಟು ಸುತ್ತಿಗೆಯಿಂದ ಬಡಿದ ಲಗ್ಗು ಮೇಲೆ ಬಿಗಿಯಾಗಿ ಕಂಡರೂ ಒಳಗೆ ಪೊಳ್ಳಾಗಿರುತ್ತದೆ. ಬರೇ ಬೆಸುಗೆಯನ್ನು ನೆಚ್ಚಿಕೊಳ್ಳುವುದೂ ಒಳ್ಳೆಯದಲ್ಲ. ಬೆಸುಗೆ ಎಳೆಗಳ ನಡುವೆ ಏರಿ ಗಡುಸು ಮಾಡುತ್ತದೆ. ಗಡುಸು ನಿಂತ ಜಾಗದಲ್ಲಿಯೇ ಕೇಬಲ್ಲು ಮುರಿಯುತ್ತದೆ. ತುದಿ ಬಹಳ ಕಾದರೆ ಬೆಸುಗೆ ಕರಗಲೂಬಹುದು. ಲಗ್ಗು ಒತ್ತಿಸಿದ ಮೇಲೆ ನಿಮ್ಮ ಕಾಲಿನಡಿ ಕೇಬಲ್ಲನ್ನು ಮೆಟ್ಟಿ ಲಗ್ಗನ್ನು ಬಲವಾಗಿ ಜಗ್ಗಿ ನೋಡಿ. ಕದಲಿದರೆ ಅಲ್ಲಿಯೇ ಮತ್ತೆ ಒತ್ತಿಸಿ. ಕೊನೆಗೆ ಲಗ್ಗು, ಹೊದಿಕೆ ಸೇರುವ ಸಂದಿಗೆ ಶಾಖಕ್ಕೆ ಕುಗ್ಗುವ ಕೊಳವೆಯನ್ನಾಗಲಿ ಬಿಗಿಯಾಗಿ ಸುತ್ತಿದ ಟೇಪನ್ನಾಗಲಿ ಹಾಕಿ ಆಮ್ಲ ನುಸುಳದಂತೆ ಮುಚ್ಚಿ.

ಎರಡು ಸಣ್ಣ ಬೋಲ್ಟುಗಳಿಂದ ಎಳೆಗಳನ್ನು ಪಟ್ಟಿಯಡಿ ಒತ್ತುವ ಕ್ಲಾಂಪುಗಳು ಅಗ್ಗವಾಗಿ ಸಿಗುತ್ತವೆ. ಹೊಲದ ಮಧ್ಯೆ ಕೈಕೊಟ್ಟಾಗ ಮನೆ ಸೇರಲು ಅವು ಸಾಕು. ಅದನ್ನೇ ಶಾಶ್ವತ ಮಾಡಿಕೊಳ್ಳಬೇಡಿ.

ಬಿಚ್ಚುವ ಮತ್ತು ಕಟ್ಟುವ ಕ್ರಮ

ಕೈಯ ಉಂಗುರ, ಕಡಗ, ಗಡಿಯಾರಗಳನ್ನು ಮೊದಲು ತೆಗೆದಿಡಿ. ಅವು ಸ್ಪ್ಯಾನರಿಗೂ ಚಾಸಿಗೂ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತವೆ. ಬೀಡಿ, ಬೆಂಕಿಕಡ್ಡಿ ದೂರವಿರಲಿ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಒಂದು ಕಿಡಿಗೆ ಸಿಡಿಯುತ್ತದೆ. ಈಗತಾನೆ ಚಾರ್ಜು ಆದ ಬ್ಯಾಟರಿಯಾದರೆ ಗಾಳಿಯಾಡುವ ಕಡೆ ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ.

1. ಎಂಜಿನ್ನು ನಿಲ್ಲಿಸಿ ಕೀಲಿ ತೆಗೆದುಕೊಳ್ಳಿ.

2. ಚಾಸಿಗೆ ಸೇರಿರುವ ಕೇಬಲ್ಲನ್ನು ಬ್ಯಾಟರಿಯಿಂದ ಮೊದಲು ಬಿಚ್ಚಿ. ಈಗಿನ ಟ್ರ್ಯಾಕ್ಟರುಗಳಲ್ಲಿ ಅದು ನೆಗೆಟಿವ್. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ಚಾಸಿಗೆ ಸೇರಿರುವುದುಂಟು, ನೋಡಿಕೊಂಡು ಬಿಚ್ಚಿ. ಇದನ್ನು ಮೊದಲು ಬಿಚ್ಚಿದರೆ, ಆಮೇಲೆ ಸ್ಪ್ಯಾನರು ಚಾಸಿಗೆ ತಗಲಿದರೂ ಕಿಡಿ ಹಾರುವುದಿಲ್ಲ.

3. ಇನ್ನೊಂದು ಕೇಬಲ್ಲನ್ನು ಆಮೇಲೆ ಬಿಚ್ಚಿ. ಕ್ಲಾಂಪು ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ಕಂಬ ಒಳಗೆ ಸಡಿಲವಾಗುತ್ತದೆ. ಬಿಸಿನೀರು ಹಾಕಿದ ಬಟ್ಟೆಯಿಂದ ಒರೆಸಿ, ಕ್ಲಾಂಪಿನ ಬಾಯಿ ತುಸು ಅಗಲಿಸಿ, ಮೆಲ್ಲನೆ ಅತ್ತಿತ್ತ ತಿರುಗಿಸಿ ಎತ್ತಿ.

4. ಹೊಸ ಕೇಬಲ್ಲನ್ನು ಮೊದಲು ಸ್ಟಾರ್ಟರಿನ ಕಡೆ ಬಿಗಿಯಿರಿ. ಸೈಲೆನ್ಸರಿನಿಂದ ದೂರವಾಗಿ, ತಿರುಗುವ ಭಾಗಗಳಿಗೆ ತಾಗದಂತೆ ಹಾಯಿಸಿ. ಕಬ್ಬಿಣದ ಅಂಚು ದಾಟುವ ಕಡೆ ಹಳೆಯ ಟ್ಯೂಬಿನ ತುಂಡೊಂದನ್ನು ಎರಡು ಸುತ್ತು ಸುತ್ತಿ ಕಟ್ಟಿ. ಕಾಸಿಲ್ಲದೆ ಸಿಗುವ ಈ ರಬ್ಬರು ಟ್ರ್ಯಾಕ್ಟರನ್ನು ಬೆಂಕಿಯಿಂದ ಕಾಪಾಡುತ್ತದೆ.

5. ಈಗ ಪಾಸಿಟಿವ್ ಕಂಬಕ್ಕೆ ಕಟ್ಟಿ. ಎರಡು ಕಂಬಗಳಲ್ಲಿ ತುಸು ದಪ್ಪವಾದುದು ಪಾಸಿಟಿವ್. ಗುರುತನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಅದಲುಬದಲಾದರೆ ಆಲ್ಟರ್ನೇಟರು ಸುಟ್ಟುಹೋಗುತ್ತದೆ. ಆಗ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

6. ಚಾಸಿಯ ಕೇಬಲ್ಲನ್ನು ಎಲ್ಲಕ್ಕಿಂತ ಕೊನೆಗೆ ಬ್ಯಾಟರಿಗೆ ಕಟ್ಟಿ. ಬಿಗಿದ ನಂತರ ತುದಿಗಳ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಗಿಯುವ ಮೊದಲು ಒಳಮೈಗೆ ಗ್ರೀಸು ಬಳಿಯಬೇಡಿ.

7. ಬ್ಯಾಟರಿಯನ್ನು ಅದರ ಪಟ್ಟಿಯಿಂದ ಅಲುಗದಂತೆ ಬಿಗಿದು, ವೋಲ್ಟು ನಷ್ಟದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಬರೆದಿಟ್ಟುಕೊಂಡರೆ ಮುಂದಿನ ವರ್ಷ ಉಪಯೋಗಕ್ಕೆ ಬರುತ್ತದೆ.

ಆಮ್ಲ ಕಣ್ಣಿಗೆ ಸಿಡಿದರೆ ಉಜ್ಜದೆ ಶುದ್ಧ ನೀರಿನಿಂದ 15ರಿಂದ 20 ನಿಮಿಷ ತೊಳೆಯುತ್ತಲೇ ಇರಿ. ತಡಮಾಡದೆ ವೈದ್ಯರ ಬಳಿಗೆ ಹೋಗಿ. ಕೆಲಸಕ್ಕೆ ಕೂರುವ ಮುನ್ನವೇ ಒಂದು ಬಿಂದಿಗೆ ನೀರು ಹತ್ತಿರವಿಟ್ಟುಕೊಳ್ಳುವುದು ಜಾಣತನ.

ಪ್ರಾಣಕ್ಕೆ ಎರವಾಗುವ ಚಾಳಿ

ಕೀಲಿಗೆ ಎಂಜಿನ್ನು ಓಗೊಡದಿದ್ದಾಗ ಕೆಳಗಿಳಿದು, ಚಕ್ರದ ಪಕ್ಕದಲ್ಲಿ ನಿಂತು, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರು ತಾಗಿಸಿ ಚಾಲೂ ಮಾಡುವ ಅಭ್ಯಾಸ ಬಹಳ ಊರುಗಳಲ್ಲಿದೆ. ಇದನ್ನು ಮಾಡಲೇಬೇಡಿ. ಗೇರಿನಲ್ಲಿದ್ದಾಗ ಚಾಲೂ ಆಗದಂತೆ ತಡೆಯುವ ಸುರಕ್ಷಾ ಸ್ವಿಚ್ಚನ್ನು ಹೀಗೆ ಮಾಡುವವರು ತಪ್ಪಿಸಿಬಿಡುತ್ತಾರೆ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ಚಾಲೂ ಆದ ಕ್ಷಣವೇ ಮುನ್ನುಗ್ಗುತ್ತದೆ. ಹಿಂದಿನ ದೊಡ್ಡ ಚಕ್ರದ ಮುಂದೆ ನಿಂತವರಿಗೆ ಹಿಂದೆ ಸರಿಯಲು ಹೊತ್ತು ಸಿಗುವುದಿಲ್ಲ. ಈ ಬಗೆಯಿಂದ ರೈತರು ಸತ್ತಿದ್ದಾರೆ. "ನ್ಯೂಟ್ರಲ್ಲಿನಲ್ಲಿಯೇ ಇತ್ತು" ಎಂಬ ನಂಬಿಕೆಯಲ್ಲಿ ಮಾಡಿದವರೇ ಅವರಲ್ಲಿಯೂ ಇದ್ದಿರಬೇಕು.

ಯೋಚಿಸಿ ನೋಡಿ. ಸ್ಕ್ರೂಡ್ರೈವರು ಹಿಡಿಯುವ ಪ್ರಸಂಗ ಬರುವುದೇ ಕೇಬಲ್ಲು, ತುದಿ, ಸ್ವಿಚ್ಚುಗಳಲ್ಲೊಂದು ಕೆಟ್ಟಾಗ. ಅದನ್ನು ಸರಿಪಡಿಸುವುದಕ್ಕೆ ಅರ್ಧ ದಿನ ಸಾಕು. ಮಕ್ಕಳು ದೊಡ್ಡವರು ಮಾಡಿದುದನ್ನು ನೋಡಿ ಕಲಿಯುತ್ತಾರೆ ಎಂಬುದನ್ನೂ ನೆನೆಯಿರಿ. ಟ್ರ್ಯಾಕ್ಟರನ್ನು ಸೀಟಿನಲ್ಲಿ ಕುಳಿತೇ ಚಾಲೂ ಮಾಡುವುದು ನಿಮ್ಮ ಮನೆಯ ಕಟ್ಟಳೆಯಾಗಲಿ.

ಮುಂದಿನ ಪೋಷಣೆ

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ತುದಿಗಳನ್ನು ಬಿಚ್ಚಿ ಶುದ್ಧಿ ಮಾಡಿ ಬಿಗಿಯಿರಿ. ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಬಟ್ಟಿ ಇಳಿಸಿದ ನೀರನ್ನು ಗುರುತಿನವರೆಗೆ ಮಾತ್ರ ಹಾಕಿ. ತುಂಬಿ ತುಳುಕಿದರೆ ಆ ಆಮ್ಲವೇ ಹೊಸ ಕೇಬಲ್ಲನ್ನು ತಿನ್ನುತ್ತದೆ. ಬಾವಿಯ ನೀರಿನಲ್ಲಿ ಲವಣಗಳಿರುವುದರಿಂದ ಅದನ್ನು ಹಾಕಕೂಡದು. ತೊಟ್ಟಿಲಿಗೆ ವೆಲ್ಡಿಂಗ್ ಮಾಡಿಸುವಾಗ ಟ್ರೈಲರನ್ನು ಟ್ರ್ಯಾಕ್ಟರಿನಿಂದ ಬಿಡಿಸಿ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿ ಕೇಬಲ್ಲು ಬಿಚ್ಚುವ ತಮಾಷೆ ಎಂದಿಗೂ ಬೇಡ.

ಮನದಲ್ಲಿಡಿ

ಬ್ಯಾಟರಿ ಕೊಳ್ಳುವ ಮೊದಲು ಕೇಬಲ್ಲು ಪರೀಕ್ಷಿಸಿ.

ಮೊದಲು ಶುದ್ಧಿ, ಆಮೇಲೆ ತುದಿ, ಆಮೇಲೆ ಕೇಬಲ್ಲು, ಕೊನೆಗೆ ಬ್ಯಾಟರಿ.

ಮೂಲದ್ದಕ್ಕಿಂತ ತೆಳುವಾದ ಕೇಬಲ್ಲು ಬೇಡ. ತಾಮ್ರವನ್ನು ಹೆರೆದು, ತೂಗಿ ಕೊಳ್ಳಿ.

ಚಾಸಿಯ ಕೇಬಲ್ಲು ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು.

ಸ್ಕ್ರೂಡ್ರೈವರಿನಿಂದ ಚಾಲೂ ಮಾಡುವುದು ಸಾವಿನೊಡನೆ ಸರಸ.

ಎತ್ತು ಕುಂಟಿದರೆ ನಮ್ಮ ಹಿರಿಯರು ಹೊಸ ಎತ್ತು ತರಲು ಜಾತ್ರೆಗೆ ಓಡುತ್ತಿರಲಿಲ್ಲ; ಗೊರಸು ಎತ್ತಿ ಮುಳ್ಳು ಚುಚ್ಚಿದೆಯೇ ಎಂದು ನೋಡುತ್ತಿದ್ದರು. ಟ್ರ್ಯಾಕ್ಟರಿಗೂ ಅದೇ ಕಣ್ಣು ಬೇಕು. ಈ ವಾರವೇ, ಬಿಡುವಿನ ಒಂದು ಹೊತ್ತಿನಲ್ಲಿ, ನಿಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು ನಾಲ್ಕು ತುದಿಗಳನ್ನೂ ಕೈಯಿಂದ ಮುಟ್ಟಿ ನೋಡಿ. ಮಳೆ ಬಂದ ದಿನ ಅದು ನಿಮ್ಮ ಕೈ ಬಿಡುವುದಿಲ್ಲ.